ಬ್ರೈನಾಳ ಮಾತನ್ನು ಯಾರೂ ಕೇಳಲಿಲ್ಲ

“ನಿಮ್ಮಕ್ಕ ಎಷ್ಟು ಜನ ನಾಜಿಗಳನ್ನ ಕೊಂದ್ರು?” ಹ್ಯೂಸ್ಟನ್ನಿನ ಶಾಲೆಯೊಂದರಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು.

“ಒಬ್ಬನನ್ನೂ ಇಲ್ಲ,” ಎಂದಳು, ಯುದ್ಧಕಾಲದ ನೆನಪುಗಳನ್ನು ಹೇಳಲು ಬಂದಿದ್ದ ಎಟ್ಕಾ ಅಜ್ಜಿ. ಅಷ್ಟಕ್ಕೇ ಮಕ್ಕಳ ಉತ್ಸಾಹ ಇಳಿದುಹೋಯಿತು.

ನಗರದಾಚೆ ಪೇರ್‌ಲ್ಯಾಂಡಿನಲ್ಲಿದ್ದ ಮನೆಗೆ ಹಿಂತಿರುಗುವಾಗ ಫ್ರೀವೇಯಲ್ಲಿ ಕಾರುಗಳು ಇಂಚಿಂಚೇ ತೆವಳುತ್ತಿದ್ದವು. ಡ್ರೈವ್ ಮಾಡುತ್ತಿದ್ದವಳು ಪಕ್ಕದ ಮನೆಯ ಅಪೇಕ್ಷಾ, ಇಲ್ಲಿ ಓದಲು ಬಂದ ಮೈಸೂರಿನ ಹುಡುಗಿ. ಅಜ್ಜಿ ಸಿಟ್ಟಿನಲ್ಲೇ ಅಕ್ಕನ ಕಥೆ ಹೇಳತೊಡಗಿದಳು.

ಆಗ ಎಟ್ಕಾಗೆ ಆರು ವರ್ಷ, ಅಕ್ಕ ಬ್ರೈನಾಗೆ ಹತ್ತೊಂಬತ್ತು. ಪೋಲೆಂಡಿನ ಅವರ ಸಣ್ಣ ಊರಿನಲ್ಲಿ ಜರ್ಮನರು ಯಹೂದಿಗಳನ್ನೆಲ್ಲ ನಾಲ್ಕು ಬೀದಿಗಳಲ್ಲಿ ಕೂಡಿಹಾಕಿ ಸುತ್ತ ಬೇಲಿ ಬಿಗಿದಿದ್ದರು. ಟೋಪಿ ಹೊಲಿಯುವವನ ಮಗಳಾದ ಬ್ರೈನಾ ನೋಡಲು ಪೋಲಿಷ್ ಹುಡುಗಿಯಂತೆಯೇ ಇದ್ದಳು. ಹಾಗಾಗಿ ಭೂಗತ ಹೋರಾಟಗಾರರ ಗುಂಪು ಆಯುಧ, ಸುದ್ದಿ ತರಲು ಅವಳನ್ನು ಕದ್ದುಮುಚ್ಚಿ ಬೇಲಿಯಾಚೆ ಕಳಿಸುತ್ತಿತ್ತು. ಒಮ್ಮೆ ಆಲೂಗಡ್ಡೆ ಚೀಲದಲ್ಲಿ ಹಳೆಯ ಪಿಸ್ತೂಲೊಂದನ್ನು ತಂದಳು. ಸಿಕ್ಕಿದ ಗುಂಡುಗಳು ಅದಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ.

ಕೆಲಸ ಕೊಡುತ್ತೇವೆಂದು ಹೇಳಿ ಜರ್ಮನರು ಜನರನ್ನು ತುಂಬಿಸಿಕೊಂಡು ಹೋಗುವ ರೈಲು ಎಲ್ಲಿಗೆ ಹೋಗುತ್ತದೆಂದು ರೈಲ್ವೆ ಕೆಲಸಗಾರನೊಬ್ಬನಿಂದ ಅವಳಿಗೆ ತಿಳಿಯಿತು. ಮನೆಮನೆಯ ಬಾಗಿಲು ಬಡಿದಳು. “ರೈಲು ಹತ್ತಬೇಡಿ. ಕೆಲಸಕ್ಕಲ್ಲ, ಕೊಲ್ಲೋಕೆ ಕರ್ಕೊಂಡು ಹೋಗ್ತಾರೆ. ನಮ್ಮ ಜೊತೆ ನಿಲ್ಲಿ.”

“ನೀವು ಒಂದು ಗುಂಡು ಹಾರಿಸಿದ್ರೆ ನಮ್ಮನ್ನೆಲ್ಲ ಸುಟ್ಟುಹಾಕ್ತಾರೆ,” ಎಂದು ಹಿರಿಯರು ಗದರಿಸಿ ಕಳಿಸಿದರು. ಸ್ವಂತ ಅಪ್ಪನೇ ನಂಬಲಿಲ್ಲ. ಹೋದಲ್ಲಿ ಕೆಲಸಕ್ಕೆ ಬೇಕಾದೀತೆಂದು ಟೋಪಿಯ ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. “ಅಪ್ಪಾ, ಅಲ್ಲಿ ಯಾರಿಗೂ ಟೋಪಿ ಬೇಕಿಲ್ಲ!” ಎಂದು ಬ್ರೈನಾ ಚೀರಿದಳು. ಅವನು ಗಂಟು ಬಿಗಿಮಾಡಿದ, ಅಷ್ಟೇ.

ಸೈನಿಕರು ಬಂದ ಬೆಳಿಗ್ಗೆ ಅವಳು ತಂಗಿಯನ್ನು ಬೇಲಿಯಡಿಯಲ್ಲಿ ತೂರಿಸಿ, ಆಚೆ ಕಾಯುತ್ತಿದ್ದ ಪೋಲಿಷ್ ಅಗಸಗಿತ್ತಿಯ ಕೈಗೆ ಒಪ್ಪಿಸಿದಳು. “ನೀನೂ ಬಾ,” ಎಂದು ಎಟ್ಕಾ ಅವಳ ತೋಳು ಬಿಡಲಿಲ್ಲ. ಬ್ರೈನಾ ಬೆರಳುಗಳನ್ನು ಬಿಡಿಸಿಕೊಂಡು ಒಳಗೆ ಹೋದಳು. ಮುಂದಿನದನ್ನು ಯುದ್ಧ ಮುಗಿದ ಮೇಲೆ, ಗುಂಪಿನಲ್ಲಿ ಬದುಕುಳಿದವನೊಬ್ಬ ಹೇಳಿದ. ಅಟ್ಟದ ಕಿಟಕಿಯಿಂದ ಬ್ರೈನಾ ಗುರಿಯಿಟ್ಟಳು. ಪಿಸ್ತೂಲು ಸಿಡಿಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಅಷ್ಟರಲ್ಲಿ ಕೆಳಗಿನಿಂದ ಬಂದ ಗುಂಡಿಗೆ ಸತ್ತುಬಿದ್ದಳು. ಅಪ್ಪ ಗಂಟು ಹೊತ್ತು ರೈಲು ಹತ್ತಿದ.

“ಆದ್ರೂ ನಿಮ್ಮನ್ನ ಉಳಿಸಿದ್ರಲ್ಲ, ಅಜ್ಜಿ,” ಎಂದಳು ಅಪೇಕ್ಷಾ ಮೆಲ್ಲಗೆ.

“ಎಲ್ರೂ ಅದನ್ನೇ ಹೇಳ್ತಾರೆ!” ಅಜ್ಜಿಯ ದನಿ ಏರಿತು. “ಅವಳು ಇಡೀ ಊರನ್ನ ಉಳಿಸೋಕೆ ಹೊರಟಿದ್ಲು ಕಣೇ. ಬಾಗಿಲು ತೆಗೆದು ಅವಳ ಮಾತು ಪೂರ್ತಿ ಕೇಳಿದವರೇ ಇಲ್ಲ.”

ಮುಂದಿನ ಕಾರು ಸರಿದುಹೋಗಿತ್ತು, ಅಪೇಕ್ಷಾ ಇನ್ನೂ ಅಜ್ಜಿಯತ್ತಲೇ ತಿರುಗಿದ್ದಳು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ.