ಒಂದು ನಮಾಜಿನಿಂದ ಮುಂದಿನ ನಮಾಜಿಗೆ

ಗದುಗಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹೊರಟಾಗ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆ ದಿನ ನನಗೆ ಖುಷಿ ಕೊಟ್ಟ ಸಂಗತಿ ಅದೊಂದೇ. ನಾನು ಹೊರಟಿದ್ದು ತಮ್ಮ ಖಾಸಿಂನ ಸಂಸಾರ ಸರಿಮಾಡಲು. ಖಾಸಿಂ ಸಂಡೂರಿನಲ್ಲಿ ಅದಿರು ಲಾರಿಯ ಡ್ರೈವರ್. ಅವನ ಕುಡಿತ ತಾಳಲಾರದೆ ಹೆಂಡತಿ ಹುಸೇನ್‌ಬೀ ಹಿಂದಿನ ವರ್ಷವೇ ಕಂಪ್ಲಿಯ ತವರುಮನೆ ಸೇರಿದ್ದಳು. ಈಗ ಅವನು ಕುಡಿತ ಬಿಟ್ಟಿದ್ದಾನೆ, ಐದು ಹೊತ್ತೂ ನಮಾಜು ಮಾಡುತ್ತಾನೆ ಎಂಬ ಸುದ್ದಿ ಪಕ್ಕದ ಮನೆಯ ಫೋನಿಗೆ ಬಂದಿತ್ತು. ಸೊಸೆಯನ್ನು ಕರೆತರಲು ಮನೆಯ ಹಿರಿಯನೊಬ್ಬ ಹೋಗಬೇಕು. ಅಪ್ಪ ತೀರಿಕೊಂಡ ಮೇಲೆ ಆ ಹಿರಿಯ ನಾನೇ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು, ಮನೆಯಲ್ಲಿ ಆಡುವುದು ಕನ್ನಡ. ಚಿಕ್ಕಂದಿನಿಂದ ಅಪ್ಪನ ಬೆನ್ನಿಗೆ ಮಸೀದಿಗೆ ಹೋದವನು ನಾನು. ಖಾಸಿಂ ಆಗ ಗೋಲಿ ಆಡುತ್ತಿದ್ದ. ನನ್ನ ನಮಾಜನ್ನು ಮನೆಯಲ್ಲಿ ಯಾರೂ ಒಂದು ಸುದ್ದಿ ಎಂದುಕೊಳ್ಳಲಿಲ್ಲ. ಗಡಿಯಾರ ನಡೆಯುತ್ತದಲ್ಲ, ಹಾಗೆ ಅದೂ ನಡೆಯುತ್ತಿತ್ತು. ಖಾಸಿಂನ ಸುದ್ದಿ ಬಂದ ದಿನ ಮಾತ್ರ ಅವ್ವ ಶಾವಿಗೆ ಪಾಯಸ ಮಾಡಿ ಓಣಿಗೆಲ್ಲ ಹಂಚಿದಳು. "ನನ್ನ ಖಾಸಿಂ ಐದೂ ಹೊತ್ತು ನಿಲ್ಲಾಕತ್ತಾನ" ಎಂದು ಬಾಗಿಲು ಬಾಗಿಲಿಗೆ ಹೇಳಿದಳು. ನನ್ನ ಪಾಲಿನ ಪಾಯಸವನ್ನು ನಾನು ಹಾಗೆಯೇ ಬಿಟ್ಟು ಎದ್ದೆ.

ಆ ವರ್ಷ ರಮಜಾನ್ ಅಕ್ಟೋಬರಿನಲ್ಲಿ ಬಂದಿತ್ತು. ದೂರದ ಪ್ರಯಾಣಿಕನಿಗೆ ಉಪವಾಸದಿಂದ ರಿಯಾಯಿತಿ ಇದೆ, ಆಮೇಲೆ ತೀರಿಸಿದರಾಯಿತು. ನಾನು ಆ ರಿಯಾಯಿತಿಯನ್ನು ಕೊಪ್ಪಳ ಬರುವ ಮೊದಲೇ ಬಳಸಿಕೊಂಡೆ. ಹಸಿವಿಗಲ್ಲ, ಬೀಡಿಗೆ. ಎದೆಯಲ್ಲಿ ಸಿಳ್ಳೆ ಬರುತ್ತಿದೆ, ಬೀಡಿ ಬಿಡು ಎಂದು ಡಾಕ್ಟರು ಬಹಳ ಹಿಂದೆಯೇ ಹೇಳಿದ್ದರು. ಪ್ರತಿ ರಮಜಾನಿನಲ್ಲೂ ಹಗಲೆಲ್ಲ ಮುಟ್ಟದೆ ಇರುತ್ತಿದ್ದೆ. ಸಂಜೆ ಖರ್ಜೂರ ಬಾಯಿಗೆ ಹೋದ ಮರುಗಳಿಗೆ ಕೈ ಜೇಬಿಗೆ ಹೋಗುತ್ತಿತ್ತು. ಬೋಗಿಯ ಬಾಗಿಲಲ್ಲಿ ನಿಂತು ಹೊಗೆ ಬಿಡುತ್ತ, ಮುನಿರಾಬಾದ್ ದಾಟಿ ತುಂಗಭದ್ರೆಯ ಸೇತುವೆ ಬರುವುದನ್ನು ನೋಡಿದೆ. ಒಳ್ಳೆಯ ಮಳೆಯಾಗಿತ್ತು. ಹೊಳೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು.

ಹೊಸಪೇಟೆಯಲ್ಲಿ ಇಳಿದರೆ ಸ್ಟೇಶನ್ ಎದುರಿನ ಬೇವಿನ ಗಿಡವೂ ಅದಿರಿನ ಧೂಳಿಗೆ ಕೆಂಪಗಿತ್ತು. ಲಾರಿಗಳು, ಲಾರಿಗಳ ಹಿಂದೆ ಲಾರಿಗಳು. ಸಂಡೂರಿನ ಬಸ್ಸಿಗೆ ಕಾದು ಸಾಕಾಗಿ ಷೇರ್ ಜೀಪು ಹತ್ತಿದೆ. ಜೀಪಿನವನು ಬಸ್ಸಿನ ದುಪ್ಪಟ್ಟು ಕೇಳಿದ. ಕಾರಣ ಕೇಳಿದ್ದಕ್ಕೆ, "ರೋಡ್ ಎಲ್ಲೈತ್ರಿ? ಗುಂಡಿ ಒಳಗ ಗಾಡಿ ಹೊಡೀಬೇಕು. ಡೀಜಲ್ ಯಾರ್ ಕೊಡ್ತಾರ?" ಎಂದ. ಹೇಳಿದ್ದು ಸುಳ್ಳಲ್ಲ. ಮೂವತ್ತು ಕಿಲೋಮೀಟರಿನಷ್ಟು ದಾರಿಗೆ ಅರ್ಧ ದಿನವೇ ಹೋಯಿತು. ಒಂದು ಕಡೆ ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಮುಖಕ್ಕೆ ಟವೆಲ್ ಕಟ್ಟಿಕೊಂಡು ಕೂತೆವು. ಟವೆಲ್ ಬಿಚ್ಚಿ ನೋಡಿದಾಗ ಅದರ ಮೇಲೆ ನನ್ನ ಬಾಯಿ ಮೂಗಿನ ಅಚ್ಚು ಕೆಂಪಗೆ ಮೂಡಿತ್ತು.

ಸಂಡೂರಿನ ಬಸ್ ನಿಲ್ದಾಣದಲ್ಲಿ ಖಾಸಿಂ ಕಾಯುತ್ತಿದ್ದ. ನಾನು ನೆನೆದುಕೊಂಡಿದ್ದ ಊದಿದ ಮುಖ ಇರಲಿಲ್ಲ. ಕೆನ್ನೆ ಒಳಗೆ ಹೋಗಿದ್ದವು, ಕಣ್ಣು ತಿಳಿಯಾಗಿದ್ದವು. ಚಿಕ್ಕ ಗಡ್ಡ ಬಿಟ್ಟಿದ್ದ. ನನ್ನ ಕೈಚೀಲ ಕಸಿದುಕೊಂಡು, "ಅಣ್ಣಾ, ಉಪಾಸ ಇದ್ದೀಯೇನು?" ಎಂದ.

"ಇಲ್ಲ. ಮುಸಾಫಿರ ಅದೀನಲ್ಲ."

"ಹಂಗಾರ ಊಟ ಮಾಡ್ಬಾ, ಪಾಪ, ಹಸಿದಿರ್ತಿ" ಎಂದ. ಅದರಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು.

ಅವನು ಖಾನಾವಳಿಯಲ್ಲಿ ನನ್ನ ಎದುರು ಕೂತು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತರಿಸಿ, ನಾನು ತಿನ್ನುವುದನ್ನು ಸುಮ್ಮನೆ ನೋಡಿದ. ಸಂಜೆ ಮಸೀದಿಯ ಅಂಗಳದಲ್ಲಿ ಇಫ್ತಾರ್. ಖರ್ಜೂರ, ಗಂಜಿ, ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ಡ್ರೈವರುಗಳು, ಕ್ಲೀನರುಗಳು ಸಾಲಾಗಿ ಕೂತಿದ್ದರು. ಖಾಸಿಂ ಹೋದಲ್ಲೆಲ್ಲ ಸರಿದು ಜಾಗ ಕೊಟ್ಟರು. ಒಬ್ಬ ಡ್ರೈವರ್ ನನ್ನ ಕಡೆ ವಾಲಿ, "ನಿಮ್ ತಮ್ಮ ಭಾಳ ಗಟ್ಟಿ ಮನಷ್ಯಾರಿ. ಲೋಡ್ ತುಂಬ್ಕೊಂಡು ಘಾಟ್ ಇಳಿವಾಗಾದ್ರೂ ಸರಿ, ನಮಾಜಿನ ಹೊತ್ತಾತು ಅಂದ್ರ ಗಾಡಿ ಸೈಡಿಗೆ ಹಾಕ್ತಾನ. ಮೊದಲು ಎಲ್ಲಾರೂ ನಗತಿದ್ವಿ. ಈಗ ಅವನ ಹಿಂದ ನಾಕು ಗಾಡಿ ನಿಲ್ತಾವು" ಎಂದ. ನಾನು ಹೂಂ ಅಂದೆ. ಗದುಗಿನಲ್ಲಿ ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ನಿಂತವನು ನಾನು. ನನ್ನ ಹಿಂದೆ ಯಾರಾದರೂ ಹೀಗೆ ನಿಂತಿದ್ದುಂಟೇ? ನೆನಪಾಗಲಿಲ್ಲ. ಎದ್ದು ಮಸೀದಿಯ ಹಿಂದಿನ ಗೋಡೆಗೆ ಹೋಗಿ ಬೀಡಿ ಹಚ್ಚಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಕಂಪ್ಲಿಗೆ ಹೊರಟೆವು. ಹೊಸಪೇಟೆಯವರೆಗೆ ಮತ್ತೆ ಅದೇ ಕೆಂಪು ದಾರಿ. ಅಲ್ಲಿ ಬಸ್ಸು ಬದಲಿಸಿ ಕಮಲಾಪುರ ದಾಟಿದ ಮೇಲೆ ಲೋಕವೇ ಹಸಿರಾಯಿತು. ಕಾಲುವೆ, ಭತ್ತ, ಕಬ್ಬು, ಬಾಳೆ. ಬಸ್ಸಿನ ಕಿಟಕಿಯಿಂದ ನೀರಿನ ತಂಪು ಬರುತ್ತಿತ್ತು. ಖಾಸಿಂ ದಾರಿಯುದ್ದಕ್ಕೂ ಒಳಗೊಳಗೇ ಪ್ರಾರ್ಥಿಸುತ್ತಿದ್ದ. ತುಟಿ ಮಾತ್ರ ಅಲುಗುತ್ತಿದ್ದವು. ಒಗೆದ ಬಿಳಿ ಅಂಗಿ ಹಾಕಿದ್ದ. ಅದರ ಕಾಲರಿನಲ್ಲಿ ಇನ್ನೂ ಕೆಂಪು ಹೋಗಿರಲಿಲ್ಲ.

ಹುಸೇನ್‌ಬೀಯ ಅಪ್ಪ ಬಡೇಸಾಬರಿಗೆ ಕಂಪ್ಲಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮನೆ ಅಂಗಡಿಯ ಹಿಂದೆ. "ಬರ್ರಿ, ಕುಂದ್ರಿ" ಎಂದು ನನಗೆ ಚಾಪೆ ಹಾಸಿದರು. ಅಳಿಯನ ಕಡೆ ನೋಡಲಿಲ್ಲ. ಖಾಸಿಂ ಹೊಸ್ತಿಲ ಹತ್ತಿರ ಬರಿ ನೆಲದ ಮೇಲೆ ಕೂತ. ಹುಸೇನ್‌ಬೀ ಅಡುಗೆಮನೆಯ ಬಾಗಿಲ ಪರದೆಯ ಆಚೆ ನಿಂತಿದ್ದಳು. ಅವಳ ಬಳೆಯ ಸದ್ದು ಕೇಳುತ್ತಿತ್ತು.

ಬಡೇಸಾಬರು ಸುತ್ತುಬಳಸಿ ಮಾತಾಡುವವರಲ್ಲ. "ಇವನು ಕುಡದು ಬಂದು ನನ್ನ ಮಗಳನ್ನ ರೋಡಿನ್ಯಾಗ ನಿಲ್ಲಿಸಿದ್ದು ನಾ ಕಣ್ಣಾರೆ ನೋಡೀನಿ. ಈಗ ಬಿಟ್ಟೀನಿ ಅಂತಾನ. ಇವನ ಮಾತು ನನಗ ಬ್ಯಾಡ. ನೀವು ಹಿರೇರು, ಸಣ್ಣಂದಿನಿಂದ ನಮಾಜು ಬಿಡದವ್ರು. ನೀವ ಹೇಳ್ರಿ, ಇವನು ನೆಟ್ಟಗಾಗ್ಯಾನೋ ಇಲ್ಲೋ?"

ಖಾಸಿಂ ನೆಲ ನೋಡುತ್ತಿದ್ದ. ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತು ಬಂದು ಕೂತಿತ್ತು: "ಇವತ್ತಿಗೆ ನೆಟ್ಟಗದಾನ, ಮುಂದಿನದು ನೋಡೋಣ." ಸುಳ್ಳಲ್ಲ, ಯಾರೂ ತಪ್ಪು ಹಿಡಿಯುವಂಥದ್ದೂ ಅಲ್ಲ. ಅಷ್ಟು ಅಂದಿದ್ದರೆ ಸಾಕಿತ್ತು, ಖಾಸಿಂಗೆ ಈ ಮನೆಯ ಬಾಗಿಲು ಮುಚ್ಚುತ್ತಿತ್ತು. ತಮ್ಮ ಮತ್ತೆ ಹಳೆಯ ತಮ್ಮನಾಗುತ್ತಿದ್ದ, ನಾನು ಮತ್ತೆ ಒಳ್ಳೆಯ ಮಗನಾಗುತ್ತಿದ್ದೆ. ಆ ಯೋಚನೆಯ ರುಚಿ ಎಷ್ಟು ಹಿತವಾಗಿತ್ತೆಂದರೆ ನನಗೇ ಹೆದರಿಕೆಯಾಯಿತು.

"ಬಡೇಸಾಬರ, ನನ್ನ ಬೀಡಿನ ನನಗ ಬಿಡಾಕ ಆಗಿಲ್ಲ" ಎಂದೆ. "ನಾ ಯಾರ ಪರವಾಗಿ ಆಣಿ ಮಾಡ್ಲಿ? ಆದ್ರ ನಿನ್ನೆ ನೋಡಿದ್ದು ಹೇಳ್ತೀನಿ." ಮಸೀದಿಯ ಅಂಗಳದಲ್ಲಿ ಕೇಳಿದ್ದನ್ನು, ಕಂಡದ್ದನ್ನು ಹೇಳಿದೆ. ಸಂತೋಷದಿಂದ ಹೇಳಲಿಲ್ಲ. ಆದರೆ ಯಾವುದನ್ನೂ ಕಡಿಮೆ ಮಾಡಲಿಲ್ಲ.

ಪರದೆಯ ಹಿಂದಿನಿಂದ ಹುಸೇನ್‌ಬೀ ಮಾತಾಡಿದಳು. "ಭಾವಾರ, ನೀವು ಹೇಳಿದ್ದು ಖರೇನ ಇರಬಹುದು. ಆದ್ರ ರಮಜಾನ್‌ದಾಗ ಎಲ್ಲಾರೂ ಒಳ್ಳೇರ ಇರ್ತಾರ. ಇಡೀ ಊರ ಶುದ್ಧ ಇರತೈತಿ. ಹಬ್ಬ ಆದ ಮ್ಯಾಲ ಲೋಡ್ ಜಾಸ್ತಿ ಆಕ್ಕಾವು, ಕೈಯಾಗ ರೊಕ್ಕ ಆಡತೈತಿ, ಡ್ರೈವರ್‌ಗಳೆಲ್ಲಾ ಕುಡ್ಯಾಕ ಕುಂದರ್ತಾರ. ಅಂಥಾ ಒಂದಿನ ನಾನು ಹೇಳದ ಕೇಳದ ಸಂಡೂರಿಗೆ ಬರ್ತೀನಿ. ಆಗ ಇವರು ಹೆಂಗ ಇರ್ತಾರೋ ನೋಡಿ, ಇರೋದೋ ತಿರುಗಿ ಬರೋದೋ ಮಾಡ್ತೀನಿ."

ಬಡೇಸಾಬರು ಅಳಿಯನತ್ತ ಮೊದಲ ಸಲ ನೋಡಿದರು. ಮೊದಲಿನ ಖಾಸಿಂ ಆಗಿದ್ದರೆ ಬಾಗಿಲು ಒದ್ದು ಹೊರಟಿರುತ್ತಿದ್ದ. ಇವನು ಪರದೆಯ ಕಡೆ ತಿರುಗಿ, "ಆತು. ಬಾ" ಎಂದಷ್ಟೇ ಹೇಳಿದ. ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತಾಗಿತ್ತು. ಮಾವ, ಅಳಿಯ, ನಾನು ಮೂವರೂ ಹತ್ತಿರದ ಮಸೀದಿಗೆ ಹೋಗಿ ಒಂದೇ ಸಾಲಿನಲ್ಲಿ ನಿಂತೆವು. ಹೊರಗೆ ಬಂದ ಮೇಲೂ ಬಡೇಸಾಬರು ಅವನ ಜೊತೆ ಮಾತಾಡಲಿಲ್ಲ. ಆದರೂ ಬಸ್ಸಿನವರೆಗೆ ಬಂದರು.

ವಾಪಸು ಬರುವಾಗ ಖಾಸಿಂ ಕಮಲಾಪುರದಲ್ಲಿ ಥಟ್ಟನೆ ಎದ್ದು ನಿಂತ. "ಅಣ್ಣಾ, ಹಂಪಿ ನೋಡಿಲ್ಲಂತಿದ್ದಿ. ಇಳಿ." ಅವನ ಮುಖ ಬಿಳಿಚಿಕೊಂಡಿತ್ತು. ಹಂಪಿ ತೋರಿಸಲು ಇಳಿಸಿದ್ದಲ್ಲ, ಕುಡಿಯಬೇಕೆಂಬ ಚಡಪಡಿಕೆಗೆ ಅವನಿಗೆ ಕೂತಿರಲಾಗುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಬಿಸಿಲು ಇನ್ನೂ ಕಾಯುತ್ತಿತ್ತು. ಆಟೋ ಬೇಡವೆಂದು ನಡೆದೇ ಹೊರಟೆವು. ರಸ್ತೆಯ ಪಕ್ಕದಲ್ಲಿ ಸಾರಾಯಿ ಪಾಕೀಟು ಮಾರುವ ಒಂದು ತಗಡಿನ ಅಂಗಡಿ. ಎದುರಿಗೆ ಹರಿದ ಪಾಕೀಟುಗಳು ಬಿದ್ದಿದ್ದವು, ಆ ವಾಸನೆ ರಸ್ತೆಗೂ ಹೊಡೆಯುತ್ತಿತ್ತು. ಖಾಸಿಂನ ಹೆಜ್ಜೆ ನಿಧಾನವಾಯಿತು. ನಿಂತ.

ನಾನು ತೋಳು ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ. ಒಳಗೊಂದು ದನಿ, ಹೋಗು, ಹೋಗು, ಎನ್ನುತ್ತಿತ್ತು. ಒಂದೇ ಒಂದು ಪಾಕೀಟು ಅವನು ಹರಿದರೆ ಸಾಕು, ಅವನೂ ನನ್ನಂಥವನೇ ಆಗಿಬಿಡುತ್ತಿದ್ದ. ನಾನು ಅವನ ಕಾಲುಗಳನ್ನೇ ನೋಡುತ್ತ ನಿಂತೆ.

ಕಾಲು ಮುಂದಕ್ಕೆ ನಡೆದವು. ಬಹಳ ದೂರ ಹೋಗಿ, ಬಂಡೆಗಳ ನೆರಳಿನಲ್ಲಿ ಎಳನೀರು ಮಾರುವ ಒಬ್ಬ ಹೆಂಗಸಿನ ಮುಂದೆ ನಿಂತು, "ಅವ್ವಾ, ಕೈಕಾಲು ತೊಳಿಯಾಕ ಒಂದು ಚರಿಗಿ ನೀರು ಕೊಡ್ತೀರೇನ್ರಿ?" ಎಂದು ಕೇಳಿದ. ಹಣೆಗೆ ವಿಭೂತಿ ಹಚ್ಚಿದ್ದ ಆಕೆ ಅವನ ಒಣಗಿದ ತುಟಿ ನೋಡಿ, "ಉಪಾಸ ಐತೇನಪ್ಪಾ? ತಗೋ, ತೊಳ್ಕೊ. ನಮಗೂ ಸೋಮವಾರ ಇರತೈತಿ. ಆದ್ರ ನಾವು ನೀರು ಕುಡೀತೀವಪ್ಪಾ" ಎಂದು ಕೊಡದಿಂದಲೇ ಬಗ್ಗಿಸಿದಳು. ಅವನು ವಜೂ ಮಾಡಿಕೊಂಡು ಒಂದು ಚಪ್ಪಟೆ ಬಂಡೆಯ ಮೇಲೆ ಟವೆಲ್ ಹಾಸಿ ನಿಂತ. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತು ಆಗತಾನೇ ಆಗಿತ್ತು. ನಾನೂ ಅವನ ಪಕ್ಕದಲ್ಲಿ ಪ್ರಯಾಣಿಕನ ಮೊಟಕು ನಮಾಜು ಮುಗಿಸಿದೆ. ಅವನು ಸಜ್ದಾದಲ್ಲಿ ಹಣೆ ಊರಿದವನು ಬಹಳ ಹೊತ್ತು ಏಳಲಿಲ್ಲ.

ಹೊಳೆಯ ದಡಕ್ಕೆ ಹೋಗಿ ಕೂತ ಮೇಲೆ ಕೇಳಿದೆ. "ಹೆಂಗ ಬಿಟ್ಟಿ, ಖಾಸಿಂ? ನನಗ್ಯಾಕ ಆಗವಲ್ದು?"

"ನಾ ಎಲ್ಲಿ ಬಿಟ್ಟೀನಣ್ಣಾ?" ಎಂದ. "ಮಳಿಗಾಲದಾಗ ಒಂದಿನ ಕುಡದು ಮಸೀದಿ ಮೆಟ್ಲ ಮ್ಯಾಲ ಬಿದ್ದಿದ್ದೆ. ಪೇಶ್‌ಇಮಾಮ್ ಸಾಹೇಬ್ರು ಬೈಲಿಲ್ಲ. ಎರಡ ಮಾತು ಹೇಳಿದ್ರು. ಕುಡದಾಗ ನಮಾಜಿಗೆ ಬರಬ್ಯಾಡ ಅಂದ್ರು. ಒಂದು ಹೊತ್ತಿನ ನಮಾಜೂ ತಪ್ಪಿಸಬ್ಯಾಡ ಅಂದ್ರು. ನಾ ಮೊದಲು ಇದೇನು ಭಾಳ ಸಸಾರ ಅಂದ್ಕೊಂಡೆ. ಆಮ್ಯಾಲ ನೋಡಿದ್ರ ನಡುವ ಕುಡ್ಯಾಕ ಜಾಗಾನ ಇಲ್ಲ. ಜೀವನ ಪೂರ್ತಿ ಕುಡಿಯಂಗಿಲ್ಲ ಅಂದ್ರ ನನ್ನ ಕೈಲಾಗಂಗಿಲ್ಲ. ಅಸರ್‌ತನಕ ಕುಡಿಯಂಗಿಲ್ಲ, ಅಷ್ಟ. ಅಸರ್ ಆತು, ಈಗ ಮಗ್ರಿಬ್‌ತನಕ. ಹಂಗ ದಾಟ್ಕೊಂತ ಹೊಂಟೀನಿ. ಇವತ್ತು ಜುಹರ್‌ನಿಂದ ಅಸರ್ ಭಾಳ ಉದ್ದ ಇತ್ತು."

ಅಲ್ಲಿ ನನ್ನ ಹೊಟ್ಟೆಕಿಚ್ಚು ಕರಗಿಹೋಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಕರಗಲಿಲ್ಲ. ಇನ್ನಷ್ಟು ಹೆಚ್ಚಾಯಿತು. ಅಲ್ಲಿಯವರೆಗೆ ಅವನ ಗಟ್ಟಿತನ ಕಂಡು ಉರಿಯುತ್ತಿದ್ದೆ. ಈಗ ಅವನ ಅಗತ್ಯ ಕಂಡು ಉರಿದೆ. ಅವನ ಪ್ರತಿ ನಮಾಜಿಗೂ ಒಂದು ಕೆಲಸವಿತ್ತು, ಹೊಳೆಗೆ ಬಿದ್ದವನು ಹಗ್ಗ ಹಿಡಿಯುವ ಹಾಗೆ ಅದನ್ನು ಹಿಡಿಯುತ್ತಿದ್ದ. ನಾನು ಇಷ್ಟು ವರ್ಷ ದಡದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದೆ. ದೇವರ ಮುಂದೆ ಬೀಡಿಯ ಮಾತನ್ನು ನಾನು ಎಂದೂ ಎತ್ತಿರಲೇ ಇಲ್ಲ. ಅಷ್ಟು ಸಣ್ಣದಕ್ಕೆ ಕೈಚಾಚಲು ನಾಚಿಕೆಯಾಗಿತ್ತು.

ಆ ಸಂಜೆ ಕಡ್ಡಿರಾಂಪುರದ ರಸ್ತೆಬದಿಯ ಹೋಟೆಲಿನಲ್ಲಿ ಖಾಸಿಂ ಉಪವಾಸ ಬಿಟ್ಟ. ಹೋಟೆಲಿನವನು ಕೇಳದೆಯೇ ಬಾಳೆಹಣ್ಣು ತಂದಿಟ್ಟ. ಹೊಸಪೇಟೆಯ ಲಾಡ್ಜಿನಲ್ಲಿ ತಂಗಿ, ಮರುದಿನ ಬೆಳಗಾಗುವ ಮೊದಲು ಸಹರಿಯ ಊಟಕ್ಕೆ ಅವನೊಂದಿಗೆ ನಾನೂ ಎದ್ದು ಉಂಡೆ. ರಿಯಾಯಿತಿ ಬೇಡವೆನಿಸಿತ್ತು. ಅವನು ಸ್ಟೇಶನ್ನಿನವರೆಗೆ ಬಂದು ಗಾಡಿ ಹತ್ತಿಸಿದ. "ಅಣ್ಣಾ, ಕಂಪ್ಲಿಯಾಗ ನೀ ಆಡಿದ ಮಾತು ನಾ ಸಾಯೋತನಕ ಮರೆಯಂಗಿಲ್ಲ" ಎಂದ. ಆಡದೆ ಉಳಿದ ಮಾತು ಅವನಿಗೆ ಗೊತ್ತಿರಲಿಲ್ಲ. ಗಾಡಿ ಹೊರಟ ಮೇಲೂ ಕೈ ಬೀಸುತ್ತ ನಿಂತಿದ್ದ. ಹಿಂದೆ ಅದಿರು ತುಂಬಿದ ವ್ಯಾಗನ್ನುಗಳ ಸಾಲು, ಮುಂದೆ ಅವನ ಬಿಳಿ ಅಂಗಿ.

ಗದುಗಿಗೆ ಬಂದು ನಾನೂ ಹೊತ್ತಿನಿಂದ ಹೊತ್ತಿಗೆ ದಾಟಲು ನೋಡಿದೆ. ಹಗಲು ಸುಲಭ, ಉಪವಾಸವೇ ಕಾಯುತ್ತಿತ್ತು. ಸಂಜೆಯ ಮಗ್ರಿಬಿನಿಂದ ರಾತ್ರಿಯ ಇಷಾದವರೆಗಿನ ಆ ಪುಟ್ಟ ಅವಧಿಯಲ್ಲಿ ಕೆಲವು ದಿನ ಗೆದ್ದೆ, ಕೆಲವು ದಿನ ಸೋತೆ. ಆದರೆ ಸಜ್ದಾದಲ್ಲಿ ಬೀಡಿಯ ಹೆಸರು ಹೇಳಿ ಬೇಡಲು ಕಲಿತೆ.

ಹಬ್ಬವಾಗಿ ಕೆಲವು ವಾರ ಕಳೆದ ಮೇಲೆ ಪಕ್ಕದ ಮನೆಗೆ ಅವ್ವನಿಗೆ ಫೋನ್ ಬಂತು. ಹುಸೇನ್‌ಬೀ ಸಂಡೂರಿನಿಂದ ಮಾತಾಡುತ್ತಿದ್ದಳು. ಹೇಳದೆ ಹೋಗಿದ್ದಳಂತೆ, ಒಂದು ವಾರದಿಂದ ಅಲ್ಲೇ ಇದ್ದಾಳಂತೆ. "ಅತ್ತೀ, ಟ್ರಂಕು ತರಿಸ್ಕೊಂಡೀನಿ" ಎಂದಳಂತೆ. ಅವ್ವ ಓಡಿ ಬಂದು, ನಾನು ಅರ್ಧ ಹೊಲಿದಿದ್ದ ಗಾದಿಯ ಮೇಲೆಯೇ ಕೂತು, ಸೆರಗು ತಲೆಗೆ ಎಳೆದುಕೊಂಡು ಎರಡೂ ಕೈ ಎತ್ತಿದಳು. ಖಾಸಿಂನ ಹೆಸರು ಹೇಳಿದಳು, ಹುಸೇನ್‌ಬೀಯ ಹೆಸರು ಹೇಳಿದಳು, ಮತ್ತೆ ಖಾಸಿಂನ ಹೆಸರು ಹೇಳಿದಳು. ನಾನು ಸೂಜಿ ಹಿಡಿದುಕೊಂಡು, ನನ್ನ ಹೆಸರೂ ಬರುತ್ತದೇನೋ ಎಂದು ಕಾಯುತ್ತ ನಿಂತೆ.