ಅತ್ತೆ ಗೆದ್ದ ಸ್ವರದಾಟ

ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಆಕೆ ಹದಿನಾಲ್ಕು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಕೆಳಗಿನ ಹೊಲಿಗೆ ಯಂತ್ರಗಳ ಗಡಗಡದಲ್ಲಿ ಸ್ವರ ಕೇಳಿಸುವುದೇ ಕಷ್ಟ. ಅದಕ್ಕಿಂತ ಕಷ್ಟ ಮಕ್ಕಳನ್ನು ಕೂರಿಸುವುದು. ಸ್ವರಪಾಠ ಶುರುವಾದರೆ ಸಾಕು, ಒಬ್ಬನಿಗೆ ಬಾಯಾರಿಕೆ, ಇನ್ನೊಬ್ಬಳಿಗೆ ಹೊಟ್ಟೆನೋವು.

ಆಟದ ನೆಪದಲ್ಲಾದರೂ ಕಲಿಯಲಿ ಎಂದು ಹಳೇ ಸಾಮಾನಿನ ಅಂಗಡಿಯಿಂದ ಮೂರು ಹಾವು-ಏಣಿ ಆಟದ ಹಲಗೆ ತಂದಳು. ಯಾವ ಡಬ್ಬಿಯಲ್ಲೂ ಕಾಯಿ ಪೂರ್ತಿ ಇರಲಿಲ್ಲ. ದರ್ಜಿಯನ್ನು ಕೇಳಿ ಕೋಟಿನ ಗುಂಡಿಗಳನ್ನೇ ಕಾಯಿ ಮಾಡಿದಳು. ಹಲಗೆಯ ಮನೆಮನೆಗೂ ಬಣ್ಣದ ಕಾಗದ ಅಂಟಿಸಿದಳು, ಏಳು ಸ್ವರಕ್ಕೆ ಏಳು ಬಣ್ಣ. ಕಾಯಿ ನಿಂತ ಮನೆಯ ಸ್ವರವನ್ನು ಆಕೆ ಕೀಬೋರ್ಡಿನಲ್ಲಿ ನುಡಿಸಬೇಕು, ಆಡುವವರು ಅದರ ಹೆಸರು ಹೇಳಬೇಕು. ಸರಿಯಾದರೆ ಏಣಿ, ತಪ್ಪಿದರೆ ಹಾವು.

ತಿಂಗಳೊಳಗೆ ಮಕ್ಕಳು ಏಳೂ ಸ್ವರಗಳನ್ನು ಪಟಪಟನೆ ಹೇಳತೊಡಗಿದರು. ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಭಾನುವಾರ ಅತ್ತೆ ಬಂದು ಆಟಕ್ಕೆ ಕೂತರು. ಮೂರಕ್ಕೆ ಮೂರೂ ಆಟ ಗೆದ್ದರು. ಸೊಸೆ ಅವರ ಕಿವಿಯ ಬಳಿ ಬಾಗಿ ಕೂಗಿ ಕೇಳಿದಳು: "ಅತ್ತೆ, ಸ್ವರ ಇಷ್ಟು ಚೆನ್ನಾಗಿ ಕೇಳ್ಸತ್ತಾ ನಿಮ್ಗೆ?"

"ಎಲ್ಲಿ ಕೇಳ್ಸತ್ತೆ? ಕಿವಿ ಮಿಷನ್ನು ಮನೇಲೇ ಬಿಟ್ಟು ಬಂದಿದೀನಿ. ನೀನು ಬರ್ದಿಟ್ಟಿದ್ದ ಪಟ್ಟಿ ನೋಡಿದ್ದೆ, ಹಸಿರಿಗೊಂದು ಹೆಸರು, ಹಳದಿಗೊಂದು ಹೆಸರು. ಇದ್ರಲ್ಲೇನಿದೆ ಕಷ್ಟ?"

ಮಾರನೇ ದಿನ ಆಕೆ ಆಟದ ಹಲಗೆಯ ಮೇಲೆ ಟವೆಲ್ ಹೊದಿಸಿ ಒಂದು ಸ್ವರ ನುಡಿಸಿದಳು. ತರಗತಿಯ ಜಾಣೆ ಟವೆಲಿನ ಅಂಚು ಎತ್ತಲು ನೋಡಿದಳು. "ಯಾವ್ ಬಣ್ಣ ಅಂತ ಹೇಳಿ ಟೀಚರ್, ಆಮೇಲೆ ಹೇಳ್ತೀನಿ."

ಮನೆಗೆ ಬಂದವಳು ಹಲಗೆಗಳನ್ನು ನೀರಿಗೆ ಅದ್ದಿ ಬಣ್ಣ ಕೆರೆಯಲು ಕೂತಳು. ಕಾಗದದ ಜೊತೆ ಹಾವುಗಳೂ ಕಿತ್ತು ಬಂದವು. ಅತ್ತೆ ಇಣುಕಿದ್ದೇ ತಡ, ಸಿಡುಕಿದಳು: "ನೀವು ಬರ್ಲೇಬಾರ್ದಿತ್ತು!"

"ಗೆದ್ದಿದ್ದು ನನ್ ತಪ್ಪಾ?" ಎಂದು ಅತ್ತೆ ಮುಖ ಊದಿಸಿಕೊಂಡು ಹೋದರು.

ಸೊಸೆ ಹಲಗೆಗೆಲ್ಲ ಬರೀ ಬಿಳಿ ಕಾಗದ ಅಂಟಿಸಿ, ಪೆನ್ಸಿಲಿನಲ್ಲಿ ಹಾವು, ಏಣಿ ಬರೆದಳು. ಈಗ ಕಿವಿಯೊಂದೇ ಗತಿ. ಮೊದಲ ವಾರ ಒಬ್ಬರೂ ಒಂದು ಏಣಿಯನ್ನೂ ಹತ್ತಲಿಲ್ಲ. "ಇದು ಬೋರು, ಹಳೇದೇ ಕೊಡಿ ಟೀಚರ್" ಎಂದು ರಂಪ. ಇಬ್ಬರು ಬರುವುದನ್ನೇ ಬಿಟ್ಟರು. ಎರಡು ತಿಂಗಳು ಒದ್ದಾಡಿದ ಮೇಲೆ ನಾಲ್ಕು ಮಕ್ಕಳಿಗೆ, ಅದೂ ಮೂರೇ ಸ್ವರಗಳ ಗುರುತು ಸಿಗತೊಡಗಿತು.

ಜಾಣೆಯ ಅಪ್ಪ ಮೆಟ್ಟಿಲ ಮೇಲೆ ತಡೆದು ಕೇಳಿದ: "ಮೊದ್ಲು ಏಳೂ ಹೇಳ್ತಿದ್ಲು, ಈಗ ಮೂರಕ್ಕೆ ಇಳ್ದಿದಾಳಲ್ಲ. ಏನ್ ಕಲಿಸ್ತಿದೀರಿ ನೀವು?"

"ಮೊದ್ಲು ಒಂದೂ ಬರ್ತಿರ್ಲಿಲ್ಲ" ಎಂದಳು.

ಆತ ಅವಳನ್ನು ಮೇಲಿಂದ ಕೆಳಗೆ ನೋಡಿ, ಮಗಳ ಚೀಲ ಹೆಗಲಿಗೇರಿಸಿಕೊಂಡು ಅವಳನ್ನೂ ಕರೆದುಕೊಂಡು ಇಳಿದುಹೋದ. ಆಕೆ ಒಳಗೆ ಬಂದಳು. ಮೂರು ಸ್ವರ ಗುರುತಿಸುತ್ತಿದ್ದ ನಾಲ್ವರಲ್ಲಿ ಉಳಿದ ಮೂವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ನಾಲ್ಕನೇ ಸ್ವರ ನುಡಿಸಿದಳು.