ತರಿತರಿ ಗೂಟ

ನಿವೃತ್ತನಾಗುವವರೆಗೂ ನಾನು ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಲಿಶ್ ವಿಭಾಗದ ಮೇಲ್ವಿಚಾರಕ. ಲೋಹದ ಮೇಲೆ ಬೆರಳಾಡಿಸುವಾಗ ಎಲ್ಲಾದರೂ ತರಿ ಸಿಕ್ಕರೆ ಆ ತುಂಡು ವಾಪಸ್. ಹಾಗಾಗಿ, ಸವೆದ ನನ್ನ ಸೊಂಟದ ಕೀಲನ್ನು ಬದಲಿಸಲಿದ್ದ ಡಾಕ್ಟರು ತೊಡೆಮೂಳೆಯೊಳಗೆ ಕೂರುವ ಟೈಟಾನಿಯಂ ಗೂಟದ ಮಾದರಿಯನ್ನು ಕೈಗಿತ್ತಾಗ ಬೆರಳು ತಾನಾಗಿ ಅದರ ಮೇಲೆ ಓಡಿತು. ಕೆಳತುದಿ ಹೊಳೆಯುತ್ತಿತ್ತು. ಮೇಲರ್ಧ ಸುಣ್ಣ ಬಳಿದಂತೆ ಬೆಳ್ಳಗೆ, ತರಿತರಿ.

"ಇದಕ್ಕೆ ಫಿನಿಶಿಂಗ್ ಆಗಿಲ್ವಲ್ಲ ಸಾರ್?" ಎಂದೆ.

ಡಾಕ್ಟರು ನಕ್ಕರು. "ಅದೇ ಫಿನಿಶಿಂಗು. ಮೂಳೆಯಲ್ಲಿರೋ ಖನಿಜದಂಥದ್ದೇ ಲೇಪ. ಅದನ್ನ ತನ್ನದೇ ಅಂದ್ಕೊಂಡು ಮೂಳೆ ಬೆಳೆದು ಹಿಡ್ಕೊಳ್ಳುತ್ತೆ. ಅಲ್ಲೀವರೆಗೂ ಪೂರ್ತಿ ಭಾರ ಬಿಡಬೇಡಿ. ಗೂಟ ಅಲ್ಲಾಡ್ತಿದ್ರೆ ಮೂಳೆ ಕೂಡಲ್ಲ, ಮತ್ತೆ ಕುಯ್ಯಬೇಕಾಗುತ್ತೆ."

ಆಪರೇಷನ್ ಮುಗಿಸಿಕೊಂಡು ನಮ್ಮೂರು ಕೈಲಾಂಚದ ಮನೆಗೆ ಬಂದೆ. ಐದಕ್ಕೆ ಏಳುವುದು, ಹೇಳಿಕೊಟ್ಟ ವ್ಯಾಯಾಮ, ಸ್ನಾನ, ವಾಕರ್ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ. ಎಲ್ಲ ಹೊತ್ತಿಗೆ ಸರಿಯಾಗಿ. ಆದರೆ ಒಳಗೆ ಏನಾಗುತ್ತಿದೆ? ನೋಡಲಾಗದ ಕೆಲಸವನ್ನು ನಾನು ಎಂದೂ ಪಾಸು ಮಾಡಿದವನಲ್ಲ. ಒಂದು ಬೆಳಿಗ್ಗೆ ತಡೆಯಲಾಗದೆ ವಾಕರ್ ಪಕ್ಕಕ್ಕಿಟ್ಟು, ಆಪರೇಷನ್ ಆದ ಕಾಲನ್ನು ಊರಲು ಹೊರಟೆ. ಹೆಂಡತಿ ಜಗಲಿಯಲ್ಲೇ, ಗೂಡು ಕಟ್ಟಲು ಹಣ್ಣಾದ ರೇಷ್ಮೆಹುಳುಗಳನ್ನು ಬಿದಿರು ಸೀಳಿನ ತಟ್ಟಿಯಾದ ಚಂದ್ರಿಕೆಗೆ ಬಿಡುತ್ತಿದ್ದಳು.

"ಏನ್ರೀ ಅದು, ವಾಕರ್ ಬುಟ್ಬುಟ್ಟು?"

"ಹಿಡ್ಕಂಡೈತೋ ಇಲ್ವೋ, ಒಸಿ ನೋಡಾನ ಅಂತ."

"ನೋಡಕ್ಕೆ ಅದೇನು ನಿಮ್ ಕಾರ್ಖಾನೆ ಮಾಲಾ? ಹುಳ ಗೂಡು ಕಟ್ಟೋವಾಗ ಯಾರಾದ್ರೂ ಚಂದ್ರಿಕೆ ಅಲ್ಲಾಡಿಸಿ ನೋಡ್ತಾರಾ? ಕುಂತ್ಕಳಿ ಸುಮ್ಕೆ!"

ಕುಳಿತೆ. ಮಾಡಲು ಬೇರೆ ಕೆಲಸವಿಲ್ಲದೆ ಚಂದ್ರಿಕೆಯನ್ನೇ ನೋಡಿದೆ. ಹುಳು ಒಮ್ಮೆಲೇ ಗೂಡು ಕಟ್ಟುವುದಿಲ್ಲ. ಮೊದಲು ತಲೆಯಾಡಿಸುತ್ತಾ ಬಿದಿರಿನ ಸೀಳಿಗೆ ಅಲ್ಲೊಂದು ಇಲ್ಲೊಂದು ಎಳೆ ಅಂಟಿಸಿ, ತನಗೊಂದು ಆಧಾರ ಮಾಡಿಕೊಳ್ಳುತ್ತದೆ. ನನ್ನ ಮೂಳೆಯೂ ಆ ತರಿಗಳಿಗೆ ಹೀಗೇ ಏನನ್ನೋ ಅಂಟಿಸುತ್ತಿರಬಹುದೆ? ಆ ಗೂಡು ಮಾರಿ, ಮುಂದಿನ ಬೆಳೆಯ ಹುಳು ಚಂದ್ರಿಕೆಗೆ ಏರುವವರೆಗೂ ವಾಕರ್ ಬಿಡಲಿಲ್ಲ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಮೂಳೆಗೂ ಲೋಹಕ್ಕೂ ನಡುವೆ ಕಪ್ಪು ಗೆರೆ ಕಂಡರೆ ಸಂದು ಉಳಿದಿದೆ ಎಂದರ್ಥವಂತೆ. ಕನ್ನಡಕ ಒರೆಸಿ ಹುಡುಕಿದೆ. ಗೆರೆ ಇರಲಿಲ್ಲ.

"ಹಾಗಾದ್ರೆ ಆ ಬಿಳಿ ಲೇಪ ಈಗೆಲ್ಲಿದೆ ಸಾರ್?"

"ಒಂದಷ್ಟು ಕರಗಿರುತ್ತೆ. ಮಿಕ್ಕಿದ್ದು ಎಲ್ಲಿ ಮುಗಿಯುತ್ತೆ, ನಿಮ್ಮ ಮೂಳೆ ಎಲ್ಲಿ ಶುರುವಾಗುತ್ತೆ ಅಂತ ಇದರಲ್ಲಿ ನನಗೂ ಕಾಣಲ್ಲ. ಏಳಿ, ನಡೀರಿ."

ವಾಕರ್ ಇಲ್ಲದೆ ಬಾಗಿಲವರೆಗೆ ನಡೆದೆ. ಜೊತೆಗೆ ಬಂದಿದ್ದ ಹೆಂಡತಿ ಅದನ್ನು ಮಡಚಿ ಕಂಕುಳಿಗೇರಿಸಿದಳು.

"ಸರಿ, ನಾಳೆ ಗೂಡು ಬಿಡಿಸಕ್ಕೆ ನೀವಿದ್ದೀರಲ್ಲ, ಒಂದು ಆಳು ಕಮ್ಮಿ ಸಾಕು," ಎಂದಳು.